ಚಪ್ಪಟೆ ಬಟ್ಟೆಯಲ್ಲಿ ಪೆಟ್ಟಿಗೆ ಎಬ್ಬಿಸುವ ಸುಲಭ ಹೊಲಿಗೆ

(ಶಿವಮೊಗ್ಗದಲ್ಲಿ ಕೌದಿ ಹೊಲಿಯುವವರ ಎದುರು ಆಡಿದ ಮಾತಿನ ಬರಹ ರೂಪ)

ಈ ಬಟ್ಟೆಯನ್ನು ಮೊದಲು ದೂರದಿಂದ ನೋಡಿ. ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಏನು ಕಾಣುತ್ತಿದೆ? ಪೆಟ್ಟಿಗೆ ಅಂತ ಒಬ್ಬರು ಅಂದರು. ಮೆಟ್ಟಿಲು ಅಂತ ಇನ್ನೊಬ್ಬರು. ಎರಡೂ ಸರಿ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡುತ್ತಾ ಇದ್ದರೆ ಮೇಲೆದ್ದ ಪೆಟ್ಟಿಗೆಗಳು ಒಮ್ಮೆಲೇ ಒಳಗೆ ಹೋಗಿ ಗೂಡಿನ ಹಾಗೆ ಕಾಣುತ್ತವೆ, ರೆಪ್ಪೆ ಬಡಿದರೆ ಮತ್ತೆ ಮೇಲೆ ಬರುತ್ತವೆ. ಈಗ ಮುಂದಿನ ಸಾಲಿನವರು ಕೈ ಆಡಿಸಿ. ಚಪ್ಪಟೆ. ನಿಮ್ಮ ಮನೆಯ ದುಪ್ಪಟಿಯಷ್ಟೇ ಚಪ್ಪಟೆ.

ಹೀಗೆ ಒಂದೇ ಚಿತ್ರ ಎರಡು ರೀತಿ ಹೊರಳುವುದನ್ನು 1832ರಲ್ಲೇ ಲೂಯಿ ಆಲ್ಬರ್ಟ್ ನೆಕರ್ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಬರೆದಿಟ್ಟಿದ್ದಾರೆ. ಅವರು ಹರಳುಗಳ ಚಿತ್ರ ನೋಡುತ್ತಿದ್ದಾಗ ಚಿತ್ರದ ಮುಂದು ಹಿಂದಾಗಿ, ಹಿಂದು ಮುಂದಾಗಿ ಕಂಡಿತಂತೆ. ಈ ವಿನ್ಯಾಸ ಅದಕ್ಕಿಂತ ಎಷ್ಟೋ ಹಳೆಯದು. ಇಟಲಿಯ ಪೊಂಪೇ ಪಟ್ಟಣ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತಲ್ಲ, ಅಲ್ಲಿಯ ಒಂದು ದೊಡ್ಡ ಮನೆಯ ನೆಲದಲ್ಲಿ ಮೂರು ಬಣ್ಣದ ಕಲ್ಲು ಕೂಡಿಸಿ ಇದೇ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಕಲ್ಲಿನಲ್ಲಿ ಮಾಡಿದವರಿಗೆ ಒಂದು ಅನುಕೂಲ ಇತ್ತು. ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಮುಗಿಯಿತು. ನಾವು ಹೊಲಿಯಬೇಕು. ನಮ್ಮ ತೊಂದರೆ ಶುರುವಾಗುವುದು ಅಲ್ಲೇ.

ಒಂದು ಪೆಟ್ಟಿಗೆಯಲ್ಲಿ ಮೂರು ತುಂಡು ಇವೆ. ಮೂರೂ ಶಂಕರಪೋಳಿ ಆಕಾರ. ಮೇಲಿನದು ತಿಳಿ ಬಣ್ಣ, ಎಡದ್ದು ನಡುಬಣ್ಣ, ಬಲದ್ದು ಕಡುಬಣ್ಣ. ಈ ಮೂರೂ ನಡುವೆ ಒಂದೇ ಚುಕ್ಕಿಯಲ್ಲಿ ಸೇರುತ್ತವೆ. ಆ ಚುಕ್ಕಿಯಲ್ಲಿ ಹೊಲಿಗೆ ನೇರವಾಗಿ ದಾಟಿ ಹೋಗುವಂತಿಲ್ಲ. ಎರಡು ತುಂಡು ಜೋಡಿಸಿ, ಅಂಚಿಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕಟ್ಟಿ, ಮೂರನೆಯದನ್ನು ಆ ಸಂದಿಯೊಳಗೆ ಕೂರಿಸಿ ಒಂದು ಬದಿ ಹೊಲಿದು, ಸೂಜಿ ಬಟ್ಟೆಯಲ್ಲೇ ಇಟ್ಟು, ಬಟ್ಟೆ ತಿರುಗಿಸಿ, ಇನ್ನೊಂದು ಬದಿ ಹೊಲಿಯಬೇಕು. ಎರಡು ನೂಲು ಹೆಚ್ಚು ಹೋದರೆ ಮುದುರು. ಎರಡು ನೂಲು ಕಡಿಮೆಯಾದರೆ ತೂತು.

ನಾನು ಇದನ್ನು ಕಲಿತದ್ದು ಹೀಗೇ. ಬೇರೊಂದು ಊರಿನಲ್ಲಿ ಮೂರು ದಿನದ ತರಗತಿಗೆ ಹೋಗಿದ್ದೆ. ಇದೊಂದೇ ದಾರಿ ಅಂತ ಹೇಳಿಕೊಟ್ಟರು. ಬೇರೆ ದಾರಿ ಇದೆಯಾ ಅಂತ ಕೇಳಿದ್ದಕ್ಕೆ, ಕಷ್ಟಪಡದೆ ಚೆಂದದ್ದು ಬರಲ್ಲ ಅಂದರು. ಮನೆಗೆ ಬಂದು ಅಕ್ಕನ ಮಗಳ ಬಾಣಂತನಕ್ಕೆ ಅಂತ ಒಂದು ಮಗುವಿನ ಕೌದಿ ಹಿಡಿದೆ. ಮೂವತ್ತು ಪೆಟ್ಟಿಗೆ ಜೋಡಿಸುವಷ್ಟರಲ್ಲಿ ಬಟ್ಟೆಯ ನಡುವೆ ಗುಡ್ಡ ಎದ್ದಿತ್ತು. ಇಸ್ತ್ರಿ ಹಾಕಿದರೂ ಕೂರಲಿಲ್ಲ, ಬಿಚ್ಚಿ ಹೊಲಿದರೂ ಕೂರಲಿಲ್ಲ. ಮಗು ಹುಟ್ಟಿತು, ನಾಮಕರಣ ಆಯಿತು, ಕೌದಿ ಆಗಲಿಲ್ಲ. ಅವತ್ತು ನನಗೆ ನಿಜವಾಗಿ ಬೇಜಾರಾಗಿದ್ದು ಕೆಲಸ ಕೆಟ್ಟಿದ್ದಕ್ಕಲ್ಲ. ನನ್ನ ಜೊತೆ ಆ ತರಗತಿಗೆ ಬಂದಿದ್ದ ಇಬ್ಬರು, ಬಹಳ ಒಳ್ಳೆಯ ಕೈ ಇದ್ದವರು, ಇದು ನಮಗೆ ಬರುವುದಲ್ಲ ಅಂತ ತೇಪೆ ಕೆಲಸವನ್ನೇ ಬಿಟ್ಟರು. ಅವರ ನೆನಪಾದಾಗಲೆಲ್ಲ ಅನಿಸುತ್ತದೆ, ಒಂದು ಮೂಲೆಗೋಸ್ಕರ ಇಷ್ಟು ಜನ ಬಿಡಬೇಕಾಗಿರಲಿಲ್ಲ. ಅದಕ್ಕೇ ಇವತ್ತು ಬಂದಿದ್ದೇನೆ.

ಈಗ ಮುಖ್ಯ ಮಾತು. ಕಣ್ಣಿಗೆ ಪೆಟ್ಟಿಗೆ ಕಾಣುವುದು ಹೊಲಿಗೆಯಿಂದ ಅಲ್ಲ. ತಿಳಿ, ನಡು, ಕಡು ಅನ್ನುವ ಮೂರು ಬಣ್ಣ ಪ್ರತಿ ಪೆಟ್ಟಿಗೆಯಲ್ಲೂ ಅದದೇ ಜಾಗದಲ್ಲಿ ಇರುವುದರಿಂದ. ನಿಮ್ಮ ಅಂಗಳದಲ್ಲಿ ಜಂಬಿಟ್ಟಿಗೆ ಪೇರಿಸಿದ್ದನ್ನು ಸೂರ್ಯ ಮೇಲೇರಿದಾಗ ಬಿಸಿಲಿನಲ್ಲಿ ನೋಡಿರುತ್ತೀರಿ. ಇಟ್ಟಿಗೆ ಎಲ್ಲವೂ ಒಂದೇ ಕೆಂಪು. ಆದರೆ ಮೇಲ್ಮೈ ಹೊಳೆಯುತ್ತದೆ, ಬಿಸಿಲ ಕಡೆಯ ಪಕ್ಕ ಸ್ವಲ್ಪ ಮಂಕು, ಇನ್ನೊಂದು ಪಕ್ಕ ಕಪ್ಪು. ಕಣ್ಣು ಇದನ್ನೇ ನೋಡಿ ನೋಡಿ ಕಲಿತಿದೆ. ಬಟ್ಟೆಯಲ್ಲೂ ಅದನ್ನೇ ಹುಡುಕುತ್ತದೆ. ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಒಂದೇ ಆಗಿದ್ದರೆ ಸಾಕು, ನಡುವೆ ಒಂದು ಹೊಲಿಗೆ ಹಾದು ಹೋದರೂ ಕಣ್ಣು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಿದ್ದ ಮೇಲೆ ಹೊಲಿಗೆಯನ್ನು ನಮಗೆ ಅನುಕೂಲ ಆಗುವಲ್ಲಿ ಹಾಕಿಕೊಳ್ಳಬಹುದು, ಅಲ್ವಾ?

ನೋಡಿ, ಮೇಲಿನ ತಿಳಿ ಬಣ್ಣದ ಶಂಕರಪೋಳಿಯನ್ನು ಮೇಲಿಂದ ಕೆಳಕ್ಕೆ ಸರಿಯಾಗಿ ಎರಡು ಮಾಡುತ್ತೇನೆ. ಎರಡು ತ್ರಿಕೋನ ಬಂತು. ಮೂರು ಬದಿಯೂ ಸಮ ಇರುವ ತ್ರಿಕೋನ. ಈಗ ಪೆಟ್ಟಿಗೆಯನ್ನೇ ನಡುವೆ ಸೀಳಿದ ಹಾಗಾಯಿತು. ಎಡ ಅರ್ಧದಲ್ಲಿ ನಡುಬಣ್ಣದ ಶಂಕರಪೋಳಿ, ಅದರ ಮೇಲೆ ಒಂದು ತಿಳಿ ತ್ರಿಕೋನ. ಬಲ ಅರ್ಧದಲ್ಲಿ ಕಡುಬಣ್ಣದ ಶಂಕರಪೋಳಿ, ಅದರ ಮೇಲೆ ಇನ್ನೊಂದು ತಿಳಿ ತ್ರಿಕೋನ. ಮೂರು ತುಂಡು ಸೇರುತ್ತಿದ್ದ ಚುಕ್ಕಿಯ ಮೇಲೇ ಈಗ ಒಂದು ನೇರ ಗೆರೆ ಹಾದು ಹೋಗುತ್ತದೆ. ಕೌದಿಯ ತಲೆಯಿಂದ ಬುಡದವರೆಗೆ ನೇರ ಹೊಲಿಗೆ. ಎಲ್ಲೂ ನಿಲ್ಲಿಸುವುದಿಲ್ಲ, ಎಲ್ಲೂ ತಿರುಗಿಸುವುದಿಲ್ಲ. ಲಂಗದ ಪಟ್ಟಿ ಜೋಡಿಸುವವರಿಗೆ ಇದು ಬರುತ್ತದೆ. ಅರವತ್ತು ಪೆಟ್ಟಿಗೆಯ ಕೌದಿಯನ್ನು ಹಳೆಯ ರೀತಿಯಲ್ಲಿ ಹೊಲಿದರೆ ಸುಮಾರು 120 ಕಡೆ ಆ ಮೂರು ತುಂಡಿನ ಮೂಲೆ ಬರುತ್ತದೆ, ಯಾಕೆಂದರೆ ಪೆಟ್ಟಿಗೆಯ ನಡುವೆ ಒಂದು, ಪೆಟ್ಟಿಗೆ ಪೆಟ್ಟಿಗೆ ಸೇರುವಲ್ಲಿ ಇನ್ನೊಂದು. ಹೀಗೆ ಸೀಳಿದರೆ ಒಂದೂ ಇಲ್ಲ.

ಈಗ ಕತ್ತರಿಸುವುದು. ಲೆಕ್ಕವನ್ನು ಬರೆದುಕೊಳ್ಳಿ, ನಾನು ನಿಧಾನಕ್ಕೆ ಹೇಳುತ್ತೇನೆ. ಸಾಲು ಅಂದರೆ ತಲೆಯಿಂದ ಬುಡಕ್ಕೆ ಇಳಿಯುವ, ಅರ್ಧ ಪೆಟ್ಟಿಗೆ ಅಗಲದ ಪಟ್ಟಿ. ಅದರ ಅಗಲ ಹೊಲಿದ ಮೇಲೆ 3 ಇಂಚು ಇರಲಿ ಅಂದುಕೊಳ್ಳಿ. ಮೊದಲ ಸಲ ಮಾಡುವವರಿಗೆ ಇದು ಒಳ್ಳೆ ಅಳತೆ, ಇದಕ್ಕಿಂತ ಚಿಕ್ಕದು ಬೇಡ. ಶಂಕರಪೋಳಿಗೆ ಮೂರೂವರೆ ಇಂಚಿನ ಪಟ್ಟಿ ಕತ್ತರಿಸಿ. ತ್ರಿಕೋನಕ್ಕೆ ಮೂರೂಮುಕ್ಕಾಲು ಇಂಚಿನ ಪಟ್ಟಿ. ತ್ರಿಕೋನಕ್ಕೆ ಕಾಲು ಇಂಚು ಯಾಕೆ ಜಾಸ್ತಿ ಅಂದರೆ, ಅದರ ತುದಿ ಚೂಪಾಗಿರುವುದರಿಂದ ಹೊಲಿಗೆಯ ಅಂಚು ಆ ತುದಿಯಲ್ಲಿ ಅರ್ಧ ಇಂಚು ತಿಂದುಬಿಡುತ್ತದೆ, ಬುಡದಲ್ಲಿ ಕಾಲು ಇಂಚು. ಇದನ್ನು ಮರೆತು ಎರಡಕ್ಕೂ ಒಂದೇ ಪಟ್ಟಿ ಕತ್ತರಿಸಿದರೆ ಪೆಟ್ಟಿಗೆಯ ತಲೆಯೆಲ್ಲ ಮೊಂಡಾಗುತ್ತದೆ.

ಪಟ್ಟಿಯಿಂದ ಶಂಕರಪೋಳಿ ಕತ್ತರಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ, ದೀಪಾವಳಿಗೆ ಎಲ್ಲರೂ ಮಾಡುತ್ತೀರಿ. ಲಟ್ಟಿಸಿದ ಹಿಟ್ಟನ್ನು ಮೊದಲು ಉದ್ದುದ್ದ ಕೊಯ್ದು, ಆಮೇಲೆ ಓರೆಯಾಗಿ ಕೊಯ್ಯುತ್ತೀರಲ್ಲ, ಹಾಗೇ. ಒಂದೇ ವ್ಯತ್ಯಾಸ, ಓರೆ ಇಲ್ಲಿ 60 ಡಿಗ್ರಿ ಇರಲೇಬೇಕು, ಮತ್ತು ಒಂದು ಓರೆಗೂ ಇನ್ನೊಂದು ಓರೆಗೂ ನಡುವೆ, ಓರೆ ಗೆರೆಗೆ ಲಂಬವಾಗಿ ಅಳೆದರೆ, ಪಟ್ಟಿಯ ಅಗಲದಷ್ಟೇ, ಮೂರೂವರೆ ಇಂಚು. 60 ಡಿಗ್ರಿಗೆ ದುಡ್ಡು ಕೊಟ್ಟು ವಿದೇಶಿ ಸ್ಕೇಲ್ ತರಿಸಬೇಕಾಗಿಲ್ಲ. ಮಕ್ಕಳ ಕಂಪಾಸ್ ಬಾಕ್ಸ್ ತೆಗೆಯಿರಿ. ಅದರಲ್ಲಿ ಎರಡು ತ್ರಿಕೋನದ ಪಟ್ಟಿಗಳಿವೆ. ಉದ್ದನೆಯದನ್ನು ತೆಗೆದುಕೊಳ್ಳಿ, ಎರಡು ಬದಿ ಸಮ ಇರುವುದಲ್ಲ. ಅದರ ಒಂದು ಮೂಲೆ 30, ಒಂದು 60, ಒಂದು 90. ಆ 60ರ ಮೂಲೆಯಿಂದ ಒಂದು ಸಲ ಅಚ್ಚು ಮಾಡಿಕೊಳ್ಳಿ. ಅಚ್ಚಿಗೆ ಹಳೆಯ ಎಕ್ಸ್‌ರೇ ಹಾಳೆ ಎಷ್ಟು ಚೆನ್ನಾಗಿರುತ್ತದೆ ಅಂದರೆ, ರಟ್ಟಿನ ಹಾಗೆ ಅಂಚು ಸವೆಯುವುದಿಲ್ಲ, ಕೆಳಗಿನ ಬಟ್ಟೆಯೂ ಸ್ವಲ್ಪ ಕಾಣುತ್ತದೆ. ಪ್ರತಿ ಹತ್ತು ತುಂಡಿಗೆ ಒಂದು ಸಲ ಅಚ್ಚಿನ ಮೇಲೆ ಇಟ್ಟು ನೋಡಿ. ಓರೆ ನಿಧಾನಕ್ಕೆ ಜಾರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ತುಂಬ ಜನ ಎಡವುತ್ತಾರೆ. ನಡುಬಣ್ಣದ ಪಟ್ಟಿಯನ್ನು ಬಲಕ್ಕೆ ವಾಲಿಸಿ ಓರೆ ಕತ್ತರಿಸಿದರೆ, ಕಡುಬಣ್ಣದ ಪಟ್ಟಿಯನ್ನು ಎಡಕ್ಕೆ ವಾಲಿಸಿ ಕತ್ತರಿಸಿ. ಪೆಟ್ಟಿಗೆಯ ಎಡ ಪಕ್ಕ ಬಲ ಪಕ್ಕ ಕನ್ನಡಿಯಲ್ಲಿ ನೋಡಿದ ಹಾಗೆ ಅಲ್ವಾ, ಅದಕ್ಕೆ. ಆಕಾರ ಒಂದೇ, ಹೇಗೆ ಇಟ್ಟರೂ ಕೂರುತ್ತದೆ ನಿಜ, ಆದರೆ ಹೀಗೆ ಕತ್ತರಿಸಿದರೆ ಮಾತ್ರ ಪಟ್ಟಿಯ ಉದ್ದನೆಯ ಅಂಚು, ಅಂದರೆ ಬಟ್ಟೆಯ ನೇರ ನೂಲು, ಪ್ರತಿ ಸಾಲಿನ ಎರಡೂ ಪಕ್ಕಕ್ಕೆ ಬರುತ್ತದೆ. ತ್ರಿಕೋನದಲ್ಲೂ ಪಟ್ಟಿಯ ಅಂಚಿನ ಮೇಲಿದ್ದ ಬುಡವೇ ಸಾಲಿನ ಪಕ್ಕಕ್ಕೆ ಬರಬೇಕು. ಓರೆ ಅಂಚು, ನಮ್ಮ ಟೈಲರ್‌ಗಳು ಕ್ರಾಸ್ ಅನ್ನುತ್ತಾರಲ್ಲ ಅದು, ರಬ್ಬರಿನ ಹಾಗೆ ಎಳೆಯುತ್ತದೆ. ನನ್ನ ಮೊದಲ ಕೌದಿಯಲ್ಲಿ ಗುಡ್ಡ ಎದ್ದಿದ್ದಕ್ಕೆ ಮೂಲೆಗಿಂತ ದೊಡ್ಡ ಕಾರಣ ಇದೇ ಅಂತ ನನಗೆ ಆಮೇಲೆ ಅರ್ಥವಾಯಿತು. ಕೈಗೆ ಬಂದ ಹಾಗೆ ತುಂಡು ಕತ್ತರಿಸಿದ್ದೆ. ಕ್ರಾಸ್ ಅಂಚಿಗೆ ಕ್ರಾಸ್ ಅಂಚೇ ಸೇರಿ ಉದ್ದಕ್ಕೂ ಹಿಗ್ಗಿತ್ತು. ನಿಮ್ಮ ಬಟ್ಟೆ ಕೈಮಗ್ಗದ್ದಾಗಿದ್ದರೆ ಒಂದು ಲಾಭ ಇದೆ. ಅದಕ್ಕೆ ಸಾಮಾನ್ಯವಾಗಿ ಒಳಮುಖ ಹೊರಮುಖ ಅಂತ ಬೇರೆ ಇರುವುದಿಲ್ಲ. ಎಲ್ಲವನ್ನೂ ಒಂದೇ ಕಡೆಗೆ ವಾಲಿಸಿ ಕತ್ತರಿಸಿ, ಕಡುಬಣ್ಣದ್ದನ್ನು ಮಗುಚಿ ಹಾಕಿದರಾಯಿತು.

ಗಂಜಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ, ಮರೆತರೆ ಕಷ್ಟ. ಕತ್ತರಿಸುವ ಮೊದಲು ಬಟ್ಟೆ ತೊಳೆಯಿರಿ. ಹೊಸ ಹತ್ತಿ ಬಟ್ಟೆ ಕುಗ್ಗುತ್ತದೆ, ಕೆಲವು ಬಣ್ಣ ಬಿಡುತ್ತದೆ. ತೊಳೆದ ಮೇಲೆ ತೆಳು ಗಂಜಿ ಹಾಕಿ. ಕುಚ್ಚಲಕ್ಕಿ ಬೇಯಿಸಿದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಅಷ್ಟೇ ನೀರು ಬೆರೆಸಿ, ಅದ್ದಿ, ಹಿಂಡದೆ ನೆರಳಿನಲ್ಲಿ ಹರವಿ. ಪೂರ್ತಿ ಒಣಗುವ ಮೊದಲು, ಕೈಗೆ ತಣ್ಣಗೆ ಹತ್ತುವಾಗಲೇ ಇಸ್ತ್ರಿ ಹಾಕಿ. ಬಟ್ಟೆ ಕಾಗದದ ಹಾಗೆ ಆಗುತ್ತದೆ. ಕಾಗದ ಹಿಗ್ಗುವುದಿಲ್ಲ ಅಲ್ವಾ? ಗಂಜಿ ಹಾಕಿದ ಬಟ್ಟೆಯ ಕ್ರಾಸ್ ಅಂಚೂ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ಈ ಒಂದು ಅಭ್ಯಾಸದಿಂದ ಅರ್ಧ ಕೆಲಸ ನೇರವಾಗುತ್ತದೆ, ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಂದು ಎಚ್ಚರ ಮಾತ್ರ. ಮಳೆಗಾಲದಲ್ಲಿ ಗಂಜಿ ಬಟ್ಟೆ ಎತ್ತಿಡಬೇಡಿ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಹೇಳಬೇಕಾ, ಆಷಾಢದಲ್ಲಿ ಗೋಡೆಗೇ ಬೂಷ್ಟು ಬರುತ್ತದೆ, ಗಂಜಿ ಬಟ್ಟೆ ವಾರದಲ್ಲಿ ಕಪ್ಪು ಚುಕ್ಕೆ ಹಿಡಿಯುತ್ತದೆ, ಇರುವೆ ಜಿರಳೆ ಬೇರೆ. ಆ ವಾರ ಎಷ್ಟು ಹೊಲಿಯುತ್ತೀರೋ ಅಷ್ಟಕ್ಕೇ ಹಾಕಿ. ಕೌದಿ ಮುಗಿದ ಮೇಲೆ ಒಂದು ಸಲ ಸಾದಾ ನೀರಿನಲ್ಲಿ ತೊಳೆದು ಗಂಜಿ ಬಿಡಿಸಿ.

ಹೊಲಿಗೆಗೆ ಬರೋಣ. ಮೇಜಿನ ಮೇಲೆ ಒಂದು ಸಾಲು ಹರವುತ್ತೇನೆ, ಕೆಳಗಿನಿಂದ ಮೇಲಕ್ಕೆ ನೋಡಿ. ಮೊದಲು ನಡುಬಣ್ಣದ ಶಂಕರಪೋಳಿ. ಅದರ ಮೇಲೆ ತಿಳಿ ತ್ರಿಕೋನ, ಬುಡ ಬಲಕ್ಕೆ. ಅದರ ಮೇಲೆ ಕಡುಬಣ್ಣದ ಶಂಕರಪೋಳಿ. ಅದರ ಮೇಲೆ ತಿಳಿ ತ್ರಿಕೋನ, ಈ ಸಲ ಬುಡ ಎಡಕ್ಕೆ. ಮತ್ತೆ ನಡುಬಣ್ಣ. ನಡು, ತಿಳಿ, ಕಡು, ತಿಳಿ. ಇದನ್ನೇ ಹೇಳಿಕೊಂಡು ಹೋಗಿ. ಐದು ಸುತ್ತು ಆದರೆ ಒಂದು ಸಾಲು.

ಪಕ್ಕದ ಸಾಲಿಗೆ ಬೇರೆ ಏನೋ ಲೆಕ್ಕ ಇರಬೇಕು ಅಂತ ನಿಮಗೆ ಅನಿಸುತ್ತಿರಬಹುದು. ಇಲ್ಲ. ಅದೇ ಸಾಲು. ಆದರೆ ನಡುಬಣ್ಣದಿಂದ ಶುರು ಮಾಡದೆ ಕಡುಬಣ್ಣದಿಂದ ಶುರು ಮಾಡಿ. ಕಡು, ತಿಳಿ, ನಡು, ತಿಳಿ. ತ್ರಿಕೋನದ ಬುಡದ ಲೆಕ್ಕ ಅದೇ, ನಡುಬಣ್ಣದ ಮೇಲೆ ಕೂರುವುದು ಬಲಕ್ಕೆ, ಕಡುಬಣ್ಣದ ಮೇಲೆ ಕೂರುವುದು ಎಡಕ್ಕೆ. ಒಂದನೇ, ಮೂರನೇ, ಐದನೇ ಸಾಲು ನಡುವಿನಿಂದ. ಎರಡು, ನಾಲ್ಕು, ಆರು ಕಡುವಿನಿಂದ. ಇದು ಹೊಳೆದ ದಿನ ನಾನು ರಾತ್ರಿ ಹನ್ನೊಂದರವರೆಗೆ ಕೂತು ನಾಲ್ಕು ಸಾಲು ಹೊಲಿದು, ಪಕ್ಕ ಪಕ್ಕ ಇಟ್ಟೆ. ಹೊಲಿಯುವ ಮೊದಲೇ, ಸುಮ್ನೆ ಹತ್ತಿರ ತಂದ ಕೂಡಲೇ ಪೆಟ್ಟಿಗೆಗಳು ಎದ್ದವು. ಅವತ್ತಿನ ಖುಷಿ ಇವತ್ತಿಗೂ ಇದೆ.

ತುಂಡಿಗೆ ತುಂಡು ಕೂಡಿಸುವಾಗ ಒಂದು ಸಣ್ಣ ಗುಟ್ಟು. ಬನ್ನಿ, ಹತ್ತಿರ ಬಂದೇ ನೋಡಿ. ತ್ರಿಕೋನವನ್ನು ಶಂಕರಪೋಳಿಯ ಮೇಲೆ ಮುಖಕ್ಕೆ ಮುಖ ಮಾಡಿ ಇಟ್ಟೆ. ಓರೆ ಅಂಚುಗಳು ಸಮ ಇವೆ. ಆದರೆ ಮೂಲೆಗೆ ಮೂಲೆ ಸರಿಯಾಗಿ ಕೂರಿಸಿದರೆ ತಪ್ಪು. ತ್ರಿಕೋನದ ಚೂಪು ತುದಿ ಆಚೆಗೆ ಸ್ವಲ್ಪ ನಾಲಿಗೆಯ ಹಾಗೆ ಇಣುಕಬೇಕು. ಆ ನಾಲಿಗೆಗೂ ಕೆಳಗಿನ ಬಟ್ಟೆಗೂ ನಡುವೆ ಇಲ್ಲಿ ಒಂದು ಸಂದಿ ಕಾಣುತ್ತಿದೆಯಲ್ಲ, ಮಡಚಿದ ಎರಡು ಬೆರಳಿನ ನಡುವಿನ ಹಾಗೆ. ಸೂಜಿ ಸರಿಯಾಗಿ ಆ ಸಂದಿಯಲ್ಲಿ ಇಳಿಯಬೇಕು. ಅಂಚಿನಿಂದ ಕಾಲು ಇಂಚು ಒಳಗೆ ಗೆರೆ ಎಳೆದರೆ ಗೆರೆ ಆ ಸಂದಿಯಿಂದಲೇ ಹೊರಡುತ್ತದೆ. ಹೊಲಿದು ಬಿಚ್ಚಿ ನೋಡಿದಾಗ ಸಾಲಿನ ಪಕ್ಕ ಒಂದೇ ನೇರಕ್ಕೆ ಇದ್ದರೆ ಸರಿ. ಮೆಟ್ಟಿಲಿನ ಹಾಗೆ ಇದ್ದರೆ ಬಿಚ್ಚಿ ಸರಿಸಿ. ಚಾಚಿಕೊಂಡ ನಾಲಿಗೆಗಳನ್ನು ಆಮೇಲೆ ಕತ್ತರಿಸಿಬಿಡಿ, ಇಲ್ಲದಿದ್ದರೆ ತಿಳಿ ಬಟ್ಟೆಯ ಅಡಿಯಿಂದ ಕಪ್ಪಗೆ ಕಾಣುತ್ತವೆ.

ಕಾಲು ಇಂಚು ಅಂದೆ. ಬ್ಲೌಸ್ ಹೊಲಿಯುವವರಿಗೆ ಅರ್ಧ ಇಂಚು, ಒಂದು ಇಂಚು ಬಿಟ್ಟು ಅಭ್ಯಾಸ. ಇಲ್ಲಿ ಅದನ್ನು ಬಿಡಬೇಕು. ಮಿಷನ್ನಿನ ತಟ್ಟೆಯ ಮೇಲೆ, ಸೂಜಿಯಿಂದ ಕಾಲು ಇಂಚು ಬಲಕ್ಕೆ, ಬ್ಯಾಂಡೇಜ್ ಪಟ್ಟಿಯನ್ನು ಎರಡು ಮೂರು ಪದರ ಅಂಟಿಸಿ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ. ಪ್ರತಿ ಹೊಲಿಗೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಏನು ಮಹಾ ಅನಿಸಬಹುದು. ಒಂದು ಸಾಲಿನಲ್ಲಿ ಇಪ್ಪತ್ತು ತುಂಡು, ಹತ್ತೊಂಬತ್ತು ಹೊಲಿಗೆ. ಎರಡೂ ಕಡೆಯ ಬಟ್ಟೆಯಿಂದ ಒಂದೊಂದು ಮಿಲಿಮೀಟರ್ ಹೋದರೆ ಸಾಲಿನ ತುದಿಗೆ ಒಂದೂವರೆ ಇಂಚಿಗೂ ಹೆಚ್ಚು ಮಾಯ. ಆ ಸಾಲು ಪಕ್ಕದ ಸಾಲಿಗೆ ಕೂಡುವುದಿಲ್ಲ.

ಸಾಲುಗಳನ್ನು ಕೂಡಿಸುವ ಮೊದಲು ಇಸ್ತ್ರಿ. ಬೆಸ ಸಾಲುಗಳ ಹೊಲಿಗೆಯನ್ನೆಲ್ಲ ಮೇಲಕ್ಕೆ ಮಡಚಿ, ಸಮ ಸಾಲುಗಳದ್ದನ್ನು ಕೆಳಕ್ಕೆ. ಆಗ ಎರಡು ಸಾಲು ಸೇರುವಲ್ಲಿ ದಪ್ಪ ಒಂದೇ ಕಡೆ ಬೀಳುವುದಿಲ್ಲ. ಇಸ್ತ್ರಿಯನ್ನು ಎಳೆಯಬೇಡಿ, ಒತ್ತಿ ಎತ್ತಿ, ಒತ್ತಿ ಎತ್ತಿ. ಪ್ರತಿ ಸೇರುವ ಜಾಗದಲ್ಲೂ ಗುಂಡುಪಿನ್ನು ಹಾಕಿ. ಇದು ಬೇಸರದ ಕೆಲಸ, ಆದರೂ ಬಿಡಬೇಡಿ. ಹನ್ನೆರಡು ಸಾಲು ಆದರೆ ಅಗಲ 36 ಇಂಚು, ಉದ್ದ ತುದಿಯ ಹಲ್ಲುಗಳನ್ನು ನೇರ ಕತ್ತರಿಸಿದ ಮೇಲೆ ಸುಮಾರು 50 ಇಂಚು. ಮಗುವಿನ ಕೌದಿಗೆ ಸರಿಯಾದ ಅಳತೆ. ನಡುಬಣ್ಣ 60, ಕಡುಬಣ್ಣ 60, ತಿಳಿ ತ್ರಿಕೋನ 120 ಬೇಕು. ಪ್ರತಿ ಬಣ್ಣಕ್ಕೂ ಒಂದೊಂದು ಮೀಟರ್ ಬಟ್ಟೆ ತಂದರೆ ಕುಗ್ಗಿದರೂ ಸಾಲುತ್ತದೆ.

ಬಟ್ಟೆ ಯಾವುದು ಅಂತ ಕೇಳುತ್ತೀರಿ. ಗಾಂಧಿ ಬಜಾರಿನಲ್ಲಿ ಸಿಗುವ ಸಾದಾ ಕಾಟನ್ ಸಾಕು. ನನಗೆ ಇಷ್ಟವಾದದ್ದು ಹೆಗ್ಗೋಡಿನ ಕಡೆ ಚರಕ ಅನ್ನುವ ಮಹಿಳಾ ಸಹಕಾರ ಸಂಘದವರು ಮಾಡುವ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ತೆಗೆಯುತ್ತಾರೆ. ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೈಗೆ ಅಂಟಿದ ಚೊಗರಿನ ಕಲೆ ತಿಂಗಳಾದರೂ ಹೋಗುವುದಿಲ್ಲ, ಅದೇ ಕಲೆ ಬಟ್ಟೆಗೆ ಹತ್ತಿದಾಗ ಎಷ್ಟು ಚೆಂದದ ಕೆಂಗಂದು. ಬಿಳಿಚು ಹತ್ತಿ, ಚೊಗರು, ನೀಲಿ, ಈ ಮೂರರಲ್ಲಿ ಮಾಡಿದ್ದು ಅಲ್ಲಿ ಗೋಡೆಗೆ ತೂಗುಹಾಕಿದ್ದೇನೆ. ಬಣ್ಣ ಯಾವುದಾದರೂ ಇರಲಿ, ತಿಳಿ ನಡು ಕಡು ಬೇರೆ ಬೇರೆಯಾಗಿ ಕಾಣಬೇಕು. ಕೆಂಪು ಹಸಿರು ನಮ್ಮ ಕಣ್ಣಿಗೆ ಎಷ್ಟೋ ಬೇರೆ, ಆದರೆ ಎರಡೂ ಒಂದೇ ಗಾಢ ಆಗಿದ್ದರೆ ಪೆಟ್ಟಿಗೆ ಏಳುವುದೇ ಇಲ್ಲ. ಪರೀಕ್ಷೆ ಸುಲಭ. ಮೂರು ಬಟ್ಟೆ ಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಮೂರು ಬೇರೆ ಬೂದು ಕಂಡರೆ ಕತ್ತರಿ ಹಿಡಿಯಿರಿ. ಎರಡು ಒಂದೇ ಕಂಡರೆ ಒಂದನ್ನು ಬದಲಿಸಿ. ತಿಳಿ ಬಟ್ಟೆಗೆ ಗೆರೆ, ದೊಡ್ಡ ಹೂವು ಬೇಡ. ಅದರ ನಡುವೆ ನಾವು ಹೊಲಿಗೆ ಹಾಕಿದ್ದೇವೆ, ಹೂವು ಮುರಿದರೆ ಹೊಲಿಗೆ ಕಾಣುತ್ತದೆ.

ಓರೆಯ ಕೆಲಸವೇ ಬೇಡ ಅನ್ನುವವರಿಗೆ ಇನ್ನೆರಡು ಇದೆ, ಬೇಗ ಹೇಳುತ್ತೇನೆ.

ಒಂದು ಕಿಟಕಿ. ಒಂದು ಚೌಕ, ಅದರ ಎಡಕ್ಕೆ ಒಂದು ನಡುಬಣ್ಣದ ಪಟ್ಟಿ, ಕೆಳಗೆ ಒಂದು ಕಡುಬಣ್ಣದ ಪಟ್ಟಿ. ಗೋಡೆಯ ಆಳದಲ್ಲಿ ಕಿಟಕಿ ಕೂತ ಹಾಗೆ ಕಾಣುತ್ತದೆ, ನಮ್ಮ ಹಳೆಯ ಮಣ್ಣುಗೋಡೆ ಮನೆಗಳಲ್ಲಿ ಇದ್ದವಲ್ಲ, ಮಕ್ಕಳು ಹತ್ತಿ ಕೂರುವಷ್ಟು ಆಳದ ಕಿಟಕಿ. ಆ ಎರಡು ಪಟ್ಟಿ ಮೂಲೆಯಲ್ಲಿ ಓರೆಯಾಗಿ ಸೇರಬೇಕು, ಅಲ್ಲೂ ಅದೇ ಹಾಳು ಮೂಲೆ. ಅದರ ಬದಲು ಮೂಲೆಗೆ ಒಂದು ಪುಟ್ಟ ಚೌಕವನ್ನೇ ಬೇರೆ ಮಾಡಿ. ನಡುಬಣ್ಣದ್ದೊಂದು, ಕಡುಬಣ್ಣದ್ದೊಂದು ಎರಡೂವರೆ ಇಂಚಿನ ಚೌಕ ಮುಖಕ್ಕೆ ಮುಖ ಇಟ್ಟು, ಕರ್ಣಕ್ಕೆ ಗೆರೆ ಎಳೆದು, ಗೆರೆಯ ಎರಡೂ ಕಡೆ ಕಾಲು ಇಂಚಿಗೆ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಎರಡು ಬಣ್ಣದ ಚೌಕ ಎರಡು ಬಂತು. ಎರಡು ಇಂಚಿಗೆ ಸರಿಮಾಡಿ. ಕಿಟಕಿಯ ಚೌಕ ನಾಲ್ಕೂವರೆ ಇಂಚು, ಪಟ್ಟಿಗಳು ಎರಡು ಇಂಚು ಅಗಲ, ನಾಲ್ಕೂವರೆ ಉದ್ದ. ನಾಲ್ಕೂ ತುಂಡನ್ನು ನೇರ ನೇರ ಕೂಡಿಸಿ. ಮೂಲೆಯ ಚೌಕದಲ್ಲಿ ನಡುಬಣ್ಣ ಎಡ ಪಟ್ಟಿಯ ಕಡೆಗೆ, ಕಡುಬಣ್ಣ ಕೆಳ ಪಟ್ಟಿಯ ಕಡೆಗೆ ಬರಲಿ. ಹೊಲಿದ ಮೇಲೆ ಕಿಟಕಿ ಐದೂವರೆ ಇಂಚು.

ಇನ್ನೊಂದು ನೆರಳು. ಚೌಕ ನೆಲದಿಂದ ಮೇಲೆ ತೇಲುತ್ತಿದೆ ಅನಿಸಬೇಕು. ನಾಲ್ಕೂವರೆ ಇಂಚಿನ ಚೌಕ, ಬಲಕ್ಕೆ ಕಪ್ಪು ಪಟ್ಟಿ ಒಂದೂವರೆಗೆ ನಾಲ್ಕೂವರೆ, ಕೆಳಗೆ ಕಪ್ಪು ಪಟ್ಟಿ ಒಂದೂವರೆಗೆ ಐದೂವರೆ. ಬಲ ಪಟ್ಟಿಯ ಮೇಲ್ತುದಿಗೂ ಕೆಳ ಪಟ್ಟಿಯ ಎಡ ತುದಿಗೂ ಹಿನ್ನೆಲೆ ಬಣ್ಣದ ಒಂದೂವರೆ ಇಂಚಿನ ಚೌಕ ಇಟ್ಟು, ಕರ್ಣಕ್ಕೆ ಹೊಲಿದು, ಹೊರಗಿನದನ್ನು ಕತ್ತರಿಸಿ ಮಗುಚಿ. ಹೊಲಿ, ಮಗುಚು. ಅಷ್ಟೇ. ಎರಡೂ ತುದಿಯಲ್ಲಿ ಹಿನ್ನೆಲೆ ಬಣ್ಣ ಹೊರಮೂಲೆಗೆ ಬರಬೇಕು, ಇದೊಂದು ನೋಡಿಕೊಳ್ಳಿ.

ಮಗುಚುವ ಮಾತು ಬಂದಾಗ ನನಗೆ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ತೇಪೆ ಕೌದಿ, ನೆನಪಾಗುತ್ತದೆ. ಅವರು ತುಂಡು ಕೂಡಿಸಿ ಬೇರೆ ಬೇರೆ ಚೌಕ ಮಾಡಿಟ್ಟು ಆಮೇಲೆ ಜೋಡಿಸುವುದಿಲ್ಲ. ಹಳೆಯ ಸೀರೆ ಹಾಸಿ, ಅಂಚಿನಿಂದ ಶುರು ಮಾಡಿ ತೇಪೆಯ ಅಂಚು ಮಡಚಿ ಇಟ್ಟು, ಒಂದರ ಪಕ್ಕ ಒಂದು ಕೈಹೊಲಿಗೆ ಹಾಕುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತೇಪೆ ಕೂಡಿಸುವುದು, ಪದರ ಹಿಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು, ಅದಕ್ಕೆ ಫೂಲ ಅನ್ನುತ್ತಾರೆ, ಅದಿಲ್ಲದೆ ಕವಂದಿ ಮುಗಿಯುವುದಿಲ್ಲ. ಸುಲಭ ದಾರಿ ಅಂದರೆ ಕಡಿಮೆ ದರ್ಜೆ ಅಂತ ಯಾರಾದರೂ ಅಂದರೆ ಅವರಿಗೆ ಒಂದು ಕವಂದಿ ತೋರಿಸಿ.

ಅವರಿಂದ ಕಲಿತ ಕೈಹೊಲಿಗೆಯನ್ನೇ ನಾನು ಈ ಪೆಟ್ಟಿಗೆ ಕೌದಿಗೂ ಹಾಕುತ್ತೇನೆ. ಮೇಲೆ ಪೆಟ್ಟಿಗೆಯ ಬಟ್ಟೆ, ನಡುವೆ ಹಳೆಯ ಕಾಟನ್ ಸೀರೆ ಎರಡು ಪದರ, ಕೆಳಗೆ ಸಾದಾ ಬಟ್ಟೆ. ಹತ್ತಿ ತುಂಬುವುದಿಲ್ಲ, ನಮ್ಮ ಮಳೆಗೆ ಅದು ಒಣಗುವುದೇ ಇಲ್ಲ. ಕಡುಬಣ್ಣದ ಮುಖಕ್ಕೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತೇನೆ, ನಡುಬಣ್ಣಕ್ಕೆ ಸ್ವಲ್ಪ ಬಿಡಿಯಾಗಿ, ತಿಳಿ ಮುಖಕ್ಕೆ ಅಂಚಿನಲ್ಲಿ ಒಂದು ಸುತ್ತು ಮಾತ್ರ. ಒತ್ತು ಹೊಲಿಗೆ ಬಿದ್ದಲ್ಲಿ ಬಟ್ಟೆ ತಗ್ಗುತ್ತದೆ, ಇಲ್ಲದಲ್ಲಿ ಉಬ್ಬುತ್ತದೆ. ಕಣ್ಣಿಗೆ ಕಂಡ ಪೆಟ್ಟಿಗೆ ಆಗ ಬೆರಳಿಗೂ ಸ್ವಲ್ಪ ಸಿಗುತ್ತದೆ.

ಹಳೆಯ ಶಾಲೆ ಸಮವಸ್ತ್ರ ಆಗುತ್ತದಾ ಅಂತ ಅಲ್ಲಿ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಬಿಳಿ ಅಂಗಿ, ತಿಳಿ ನೀಲಿ ಅಂಗಿ, ಕಡು ನೀಲಿ ಲಂಗ ಚಡ್ಡಿ, ಮೂರು ಬಣ್ಣ ಸಿದ್ಧವಾಗಿಯೇ ಮನೆಯಲ್ಲಿದೆ. ಆದರೆ ಅದು ಸಾಮಾನ್ಯವಾಗಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್. ಗಂಜಿ ಸರಿಯಾಗಿ ಹಿಡಿಯುವುದಿಲ್ಲ, ಇಸ್ತ್ರಿ ಬಿಸಿ ಜಾಸ್ತಿಯಾದರೆ ಕರಗಿ ಮುರುಟುತ್ತದೆ. ಹಾಗಾಗಿ ಓರೆಯ ಪೆಟ್ಟಿಗೆಗೆ ಬೇಡ, ನೇರ ಅಂಚಿನ ಕಿಟಕಿಗೆ ಹಾಕಿ. ಜೇಬು ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದೆ ಗಾಢವಾಗಿ ಉಳಿದಿರುತ್ತದೆ ನೋಡಿ, ಆ ತುಂಡನ್ನು ಕೆಳಗಿನ ಪಟ್ಟಿಗೆ ಇಟ್ಟುಕೊಳ್ಳಿ, ಆಳ ಅಲ್ಲೇ ಬರುವುದು.